ಲಾರಿ ಹಿಂದಕ್ಕೆ ಬರುವಾಗ ‘ಬರ್ಲಿ’ ಎನ್ನುವ ಅಧಿಕಾರ ಯಾರಿಗಿದೆ ಎಂಬ ಕುರಿತು

ಲಾರಿ ಸಾಗಾಣಿಕೆ ಕಂಪನಿ
ಹೊಸ ಚಾಲಕರ ಪರಿಚಯ ಶಿಬಿರ ವಿಭಾಗ
ಪ್ರಧಾನ ಕಚೇರಿ: ಪಿ.ಬಿ. ರಸ್ತೆ, ದಾವಣಗೆರೆ. ಶಾಖೆ: ಹರಿಹರ

ಸಂಖ್ಯೆ: ಹೊ.ಚಾ.ಪ.ಶಿ/ಬರ್ಲಿ/47/98-99 (ಅಂದಾಜು. ರಿಜಿಸ್ಟರು ಇನ್ನೂ ಮಂಡಕ್ಕಿಯ ಕೆಳಗಿದೆ.)
ದಿನಾಂಕ: 11-11-1998, ಬುಧವಾರ

ವಿಷಯ: ಹೊಸ ಚಾಲಕರು ಪರಿಚಯ ಶಿಬಿರದಲ್ಲಿ ಏನೇನು ನಿರೀಕ್ಷಿಸಬಹುದು ಎಂಬ ಬಗ್ಗೆ, ಹಾಗೂ ಲಾರಿ ಹಿಂದಕ್ಕೆ ಬರುವಾಗ ಕಂಡಕಂಡವರೆಲ್ಲ ‘ಬರ್ಲಿ, ಬರ್ಲಿ’ ಎನ್ನುವುದನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ: 1) ಇದೇ ವಿಷಯದ ಹಿಂದಿನ ಸುತ್ತೋಲೆ (ಯಾರೂ ಓದಿಲ್ಲ).
2) ಮ್ಯಾನೇಜರ್ ಶ್ರೀ ರುದ್ರಮುನಿಯವರ ಸೋಮವಾರದ ಮೌಖಿಕ ಆದೇಶ (ಕೂಗಿ ಹೇಳಿದ್ದು).
3) ರೆಕಾರ್ಡ್ ರೂಮಿನ ಗೋಡೆಯಲ್ಲಿರುವ ತೂತು.

ದಾವಣಗೆರೆ ಜಿಲ್ಲೆಯಾಗಿ ವರ್ಷ ಮೇಲಾಯಿತು. ಜಿಲ್ಲಾ ಕೇಂದ್ರದಲ್ಲಿರುವ ಕಂಪನಿಯ ಕಾಗದಪತ್ರವೂ ಜಿಲ್ಲಾ ಮಟ್ಟದಲ್ಲೇ ಇರಬೇಕೆಂಬುದು ಹೆಡ್ ಗುಮಾಸ್ತರಾದ ಶ್ರೀ ಬಕ್ಕೇಶಪ್ಪನವರ (ಇನ್ನು ಮುಂದೆ ‘ಕೆಳಸಹಿದಾರರು’) ಅಚಲ ನಿಲುವು. ಆದಕಾರಣ ಚಾಲಕರು, ಹಮಾಲರು, ಕಚೇರಿ ಸಿಬ್ಬಂದಿ, ಗೇಟಿನ ಹೊರಗೆ ಕೆಲಸವಿದ್ದು ನಿಲ್ಲುವವರು ಮತ್ತು ಕೆಲಸವಿಲ್ಲದಿದ್ದರೂ ನಿಲ್ಲುವವರು, ಇವರೆಲ್ಲರ ಗಮನಕ್ಕೆ ಕೆಳಕಂಡ ಅಂಶಗಳನ್ನು ಈ ಮೂಲಕ ತರಲಾಗಿದೆ. ನಿಂತುಕೊಂಡು ಓದಬಹುದು. ಲಾರಿಯ ಹಿಂದೆ ನಿಂತು ಓದಕೂಡದು.

1. ಹೊಸದಾಗಿ ಸೇರುವ ಚಾಲಕರಿಗೆ ಮೂರು ದಿನಗಳ ಪರಿಚಯ ಶಿಬಿರವಿರುತ್ತದೆ. ಮೊದಲ ದಿನ ಚಾಲಕನನ್ನು ಕ್ರಮವಾಗಿ ಮ್ಯಾನೇಜರರಿಗೆ, ಹಾಜರಿ ಪುಸ್ತಕಕ್ಕೆ, ಗೇಟಿನ ಬಳಿ ಮಂಡಕ್ಕಿ ಮಿರ್ಚಿ ಮಾರುವ ಚೌಡವ್ವನವರಿಗೆ ಹಾಗೂ ಗೋಡೆ ಗಡಿಯಾರಕ್ಕೆ ಪರಿಚಯಿಸಲಾಗುವುದು. ಗಡಿಯಾರ ಏಳು ನಿಮಿಷ ಹಿಂದಿದೆ. ಕಂಪನಿಯ ಕೆಲಸಕ್ಕೆ ಗೋಡೆ ಗಡಿಯಾರವೇ ಸರಿ, ಸೂರ್ಯ ತಪ್ಪು ಎಂದು ತಿಳಿಯತಕ್ಕದ್ದು. ಬೆಳಗಿನ ಪಾಠವನ್ನು ಕೆಳಸಹಿದಾರರೇ ಹೇಳುತ್ತಾರೆ. ಅವರು ಮೂವತ್ತೊಂದು ವರ್ಷದ ಸೇವೆಯಲ್ಲಿ ಒಮ್ಮೆಯೂ ಲಾರಿ ಓಡಿಸಿಲ್ಲ, ಇಪ್ಪತ್ತು ವರ್ಷದಿಂದ ತಮ್ಮ ಸೈಕಲ್ಲನ್ನೂ ತಳ್ಳಿಕೊಂಡೇ ಬರುತ್ತಾರೆ ಎಂಬ ಪಿಸುಮಾತು ಹಿಂದಿನ ಬೆಂಚುಗಳಿಂದ ಕೇಳಿಬಂದಿದೆ. ಪಿಸುಮಾತು ನಿಜ. ಆದರೆ ಅದು ಪಾಠಕ್ಕೆ ಸಂಬಂಧಿಸಿದ್ದಲ್ಲ.

2. ಎರಡನೇ ದಿನ ಹರಿಹರದ ಸೇತುವೆಯವರೆಗೆ ಹೋಗಿಬರುವುದು. ಹೊಳೆ ಕಂಡ ಕೂಡಲೇ ಕೈ ಮುಗಿಯುವುದು ಚಾಲಕರ ಹಕ್ಕು. ಆದರೆ ಒಂದು ಕೈ ಸ್ಟೇರಿಂಗ್ ಮೇಲಿರತಕ್ಕದ್ದು. ನಮಸ್ಕಾರಕ್ಕೆ ಬೇಕಾದ ಇನ್ನೊಂದು ಕೈಯನ್ನು ಪಕ್ಕದಲ್ಲಿ ಕೂತವರು ಒದಗಿಸತಕ್ಕದ್ದು. ಹೀಗೆ ಇಬ್ಬರ ಕೈ ಸೇರಿಸಿ ಮಾಡಿದ ನಮಸ್ಕಾರ ತುಂಗಭದ್ರೆಗೆ ಸಲ್ಲುತ್ತದೆಯೇ ಎಂದು ಹರಿಹರ ಶಾಖೆಯಿಂದ ವರದಿ ಕೇಳಲಾಗಿದೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದಲ್ಲಿ ಮನಸ್ಸಿನಲ್ಲೇ ಕೈ ಮುಗಿದು, ಮುಗಿದಿರುವುದಾಗಿ ಶಾಖೆಗೆ ಲಿಖಿತವಾಗಿ ತಿಳಿಸುವುದು.

3. ಮೂರನೇ ದಿನ ಕೊನೆಯ ಪರೀಕ್ಷೆ. ಶಿಬಿರದ ಹಳೆಯ ಲಾರಿಯನ್ನು ಗೇಟಿನಿಂದ ರೆಕಾರ್ಡ್ ರೂಮಿನ ಗೋಡೆಯವರೆಗೆ ಹಿಂದಕ್ಕೆ ತರುವುದು. ಗೋಡೆಗೆ ಏಟಾಗದಿರಲೆಂದು ಚೌಡವ್ವನವರಿಂದ ತಂದ ಹತ್ತು ಚೀಲ ಮಂಡಕ್ಕಿಯನ್ನು ಅಡ್ಡ ಪೇರಿಸಲಾಗುತ್ತದೆ. ಬೇರೆ ಊರಿನ ಕಂಪನಿಗಳು ಇದಕ್ಕೆ ಮರಳಿನ ಚೀಲ ಇಡುತ್ತವಂತೆ. ಇಟ್ಟುಕೊಳ್ಳಲಿ! ಮರಳಿಗೆ ಒಗ್ಗರಣೆ ಹಾಕಿ ತಿನ್ನಲು ಬರುವುದಿಲ್ಲ. ಲಾರಿ ಚೀಲಕ್ಕೆ ತಾಗಿ ‘ಚರ್’ ಎಂದು ಒಂದು ಸಲ ಸದ್ದಾದರೆ ಚಾಲಕ ಪಾಸು. ಪಾಸಾದವನ ಹೆಸರನ್ನು ಅವನಿಗೆ ಕೊಟ್ಟ ಲಾರಿಯ ಬಾಗಿಲ ಮೇಲೆ ಹಳದಿ ಬಣ್ಣದಲ್ಲಿ ಬರೆಸುವುದು ಕಂಪನಿಯ ವಾಡಿಕೆ. ಬಾಗಿಲ ಮೇಲೆ ಹೆಸರು ಬಂತೆಂದರೆ ಕೆಲಸ ಖಾಯಂ.

4. ಇನ್ನು ಮೂಲ ಕಾಯಿಲೆಗೆ ಬರುವುದು. ಈ ಊರಿನಲ್ಲಿ ಲಾರಿ ಮುಂದಕ್ಕೆ ಹೋದರೆ ನೊಣವೂ ತಿರುಗಿ ನೋಡುವುದಿಲ್ಲ. ಹಿಂದಕ್ಕೆ ಹೊರಟಿತೋ, ಮುಗಿಯಿತು! ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಬರುತ್ತಾರೆ. ಜಗಳವಾಡುತ್ತಿದ್ದವರು ಜಗಳ ಅಲ್ಲೇ ನಿಲ್ಲಿಸಿ, ಇಬ್ಬರೂ ಎರಡು ಕಡೆ ನಿಂತು ಕೈ ಬೀಸುತ್ತಾರೆ. ಹುಟ್ಟಿದಂದಿನಿಂದ ಎತ್ತಿನ ಗಾಡಿಯನ್ನೂ ಹೊಡೆಯದವರು ‘ಬರ್ಲಿ, ಬರ್ಲಿ, ಸ್ವಲ್ಪ ಕಟ್ ಮಾಡ್ರಿ, ಬರ್ಲಿ’ ಎಂದು ಲಾರಿಯ ಬೆನ್ನು ತಟ್ಟುತ್ತಾರೆ. ಲಾರಿ ನಿಂತ ಮೇಲೆ, ತಾವಿಲ್ಲದಿದ್ದರೆ ಅನಾಹುತವಾಗುತ್ತಿತ್ತೆಂಬ ಮುಖ ಮಾಡಿ ಹೊರಟುಹೋಗುತ್ತಾರೆ. ಇವರನ್ನು ಯಾರೂ ಕರೆದಿರುವುದಿಲ್ಲ.

5. ಇದನ್ನು ತಪ್ಪಿಸಲು ಕಳೆದ ವರ್ಷ ಕೊನೆಯ ಪರೀಕ್ಷೆಯನ್ನು ಕೊಂಡಜ್ಜಿ ಕೆರೆಯ ಆಚೆಯ ಬಯಲಿಗೆ ವರ್ಗಾಯಿಸಿ, ಚಾಲಕನನ್ನು ಬಿಟ್ಟು ಉಳಿದವರೆಲ್ಲ ಬಾಯಿ ಮುಚ್ಚಿಕೊಂಡಿರುವಂತೆ ಆದೇಶಿಸಲಾಗಿತ್ತು. ಯಾರೂ ‘ಬರ್ಲಿ’ ಎನ್ನಲಿಲ್ಲ. ಪರಿಣಾಮವಾಗಿ ಆರು ಚಾಲಕರಲ್ಲಿ ಒಬ್ಬನೂ ಲಾರಿ ಅಲುಗಿಸಲಿಲ್ಲ. ಮೂರು ತಾಸು ಎಲ್ಲರೂ ಕಣ್ಣು ಕಣ್ಣು ಬಿಡುತ್ತ ಕೂತರು. ಕಡೆಗೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ರಂಗವ್ವ ಎಂಬ ಅಜ್ಜಿ ನೋಡಲಾರದೆ, “ಯಾಕ ಹಿಂಗ್ ಕುಂತೀರಿ? ಬರ್ಲಿ ಬರ್ಲಿ, ಏನೂ ಇಲ್ಲ ಹಿಂದ!” ಎಂದದ್ದರಿಂದ ಹದಿನೈದು ನಿಮಿಷದಲ್ಲಿ ಆರೂ ಜನ ಪಾಸಾದರು. ‘ಬರ್ಲಿ’ಯನ್ನು ಪೂರಾ ನಿಷೇಧಿಸಲು ಬರುವುದಿಲ್ಲ, ಅಳತೆಯಲ್ಲಿ ಬಳಸಬೇಕು ಎಂಬ ತೀರ್ಮಾನಕ್ಕೆ ಅಂದು ಬರಲಾಯಿತು.

6. ಹೀಗಿರುವಲ್ಲಿ ದಿನಾಂಕ 9-11-1998ರ ಸೋಮವಾರ ಭಾನುವಳ್ಳಿಯ ಶ್ರೀ ಕೊಟ್ಟೂರೇಶ್ ಬಿನ್ ಬೊಮ್ಮಣ್ಣ, ತಾತ್ಕಾಲಿಕ ಚಾಲಕ, ಇವರ ಕೊನೆಯ ಪರೀಕ್ಷೆ ನಡೆಯಿತು. ಮಲೆಬೆನ್ನೂರಿನ ಭತ್ತದ ಗದ್ದೆಗಳ ಬದುವಿನ ಮೇಲೆ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಂದಕ್ಕೆ ತೆಗೆದವನಿಗೆ ಲಾರಿ ಯಾವ ಲೆಕ್ಕ? ಅವನ ಪಾಸಿನ ಬಗ್ಗೆ ಎಷ್ಟು ಭರವಸೆಯಿತ್ತೆಂದರೆ, ಪರೀಕ್ಷೆ ಮುಗಿಯುವ ಮೊದಲೇ ಕಂಪನಿ ಅವನಿಗೆ ಕೊಡಲಿದ್ದ ಲಾರಿಯ ಬಾಗಿಲ ಮೇಲೆ ಪೇಂಟರ್ ಹಿದಾಯತ್ ಹೆಸರು ಬರೆಯಲು ಕೂತಿದ್ದರು. ಹೆಸರು ಬರೆಯುವುದನ್ನು ಕಣ್ಣಾರೆ ನೋಡಲೆಂದು ಚಾಲಕನ ತಾಯಿ ಶ್ರೀಮತಿ ನೀಲಕ್ಕನವರು ಬೆಳಗಿನ ಮೊದಲ ಬಸ್ಸಿಗೆ ಬಂದು ಚೌಡವ್ವನವರ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಕೊಟ್ಟೂರೇಶನಲ್ಲಿ ಇರುವುದು ಒಂದೇ ದೋಷ. ಹಿರಿಯರ ಮಾತು ಮೀರುವುದನ್ನು ಮನೆಯಲ್ಲಿ ಯಾರೂ ಅವನಿಗೆ ಕಲಿಸಿಲ್ಲ.

7. ಲಾರಿ ಹಿಂದಕ್ಕೆ ಹೊರಟ ಕೂಡಲೇ ಕೇಳಿಬಂದ ಧ್ವನಿಗಳನ್ನು ವಿಚಾರಣೆಯಲ್ಲಿ ಕೆಳಕಂಡಂತೆ ದಾಖಲಿಸಲಾಗಿದೆ. ಒಂದನೆಯದು ಶಿಬಿರದ ಹಿರಿಯ ಚಾಲಕರಾದ ಶ್ರೀ ಮಸ್ತಾನಸಾಬ್ ಅವರದು. ‘ಬರ್ಲಿ’ ಎನ್ನಲು ಸಂಬಳ ಪಡೆಯುವವರು ಅವರೊಬ್ಬರೇ. ಎರಡನೆಯದು ಚೌಡವ್ವನವರದು: “ಬಲಕ್ಕ ತಿರುಗ್ಸಪ್ಪೋ, ಬಲಕ್ಕ! ನನ್ ಒಲಿ ಐತೆ ಇಲ್ಲಿ!” ಮೂರು ಮತ್ತು ನಾಲ್ಕನೆಯವರು ಹಮಾಲರು. ಒಬ್ಬರು ಎಡಕ್ಕೆ ಎಂದರು, ಇನ್ನೊಬ್ಬರು ಅವರ ಮೇಲಿನ ಹಳೆಯ ಸಿಟ್ಟಿಗೆ ಬಲಕ್ಕೆ ಎಂದರು. ಐದನೆಯವರು ಹೆಂಡತಿಯನ್ನು ಬಸ್‌ಸ್ಟ್ಯಾಂಡಿನಿಂದ ಕರೆತರಲು ಹೊರಟಿದ್ದ ಸ್ಕೂಟರ್ ಸವಾರರು. ಆ ಹೆಂಡತಿ ಎರಡು ತಾಸು ಕಾದರೆಂದು ಆಮೇಲೆ ತಿಳಿಯಿತು. ಆರನೆಯವರು ಪರರಾಜ್ಯದ ಲಾರಿಯವರು, ‘ಆನೇ ದೋ’ ಎಂದು ಹಿಂದಿಯಲ್ಲೇ ‘ಬರ್ಲಿ’ ಎಂದರು. ಏಳನೆಯವರು ಮೆಕ್ಕೆಜೋಳದ ಲೋಡು ಕೇಳಲು ಬಂದವರು. ಎಂಟನೆಯವರು ಆಸ್ಪತ್ರೆಗೆ ಹೊರಟಿದ್ದ ರೋಗಿ. ಆಟೋದಿಂದ ಇಳಿದು, ಕೂಗಿ, ಹತ್ತಿ ಹೋದರು. ಒಂಬತ್ತನೆಯವರು ನೀಲಕ್ಕನವರು: “ಬಾರಪ್ಪಾ ಬಾ, ಹೆದರ್ಬ್ಯಾಡ, ನಾನ್ ಇಲ್ಲೇ ಅದೀನಿ.” ಹತ್ತನೆಯವರು ಮ್ಯಾನೇಜರರು. ವಿಚಾರಣೆಯ ಅಧ್ಯಕ್ಷರೂ ಅವರೇ ಆಗಿರುವುದರಿಂದ ಅವರು ಕೂಗಿದ್ದನ್ನು ‘ಸಲಹೆ’ ಎಂದು ಬರೆದುಕೊಳ್ಳಲಾಗಿದೆ. ಹನ್ನೊಂದನೆಯವರು ಪೇಂಟರ್ ಹಿದಾಯತ್. ಅವರ ಹೇಳಿಕೆ: “ಬರೀತಾ ಕುಂತಿದ್ದೆ ಸಾಹೇಬ್ರೆ. ಲಾರಿ ಹಿಂದಕ್ಕ ಬರದು ಕಂಡ್ರೆ ಕೈ ಸುಮ್ಕಿರಂಗಿಲ್ಲ. ಬರ್ಲಿ ಅಂತ ಬ್ರಷ್ ಹಿಡ್ಕಂಡೇ ಬೀಸಿದೆ.” ಮೆಕ್ಕೆಜೋಳದವರ ಬಿಳಿ ಅಂಗಿಯ ಮೇಲಿನ ಹಳದಿ ಚುಕ್ಕೆಗಳಿಗೆ ಇದೇ ಕಾರಣ.

8. ಇಷ್ಟೂ ಜನರ ಮಾತು ಕೇಳಿಯೂ ಕೊಟ್ಟೂರೇಶ್ ಲಾರಿಯನ್ನು ಬೆಣ್ಣೆಯಲ್ಲಿ ಕೂದಲು ಎಳೆದಂತೆ ತಂದು ಚೀಲಕ್ಕೆ ತಾಗಿಸಿದ. ‘ಚರ್’ ಎಂದಿತು. ಮಸ್ತಾನಸಾಬ್ “ಹೋಲ್ಡಾನ್!” ಎಂದರು. ಲಾರಿ ನಿಂತಿತು. ಅಲ್ಲಿಗೆ ಹುಡುಗ ಪಾಸು. ಅಷ್ಟರಲ್ಲಿ ಎಲ್ಲಿಂದಲೋ ಹನ್ನೆರಡನೇ ಧ್ವನಿಯೊಂದು, “ಏ, ಇನ್ನೂ ಜಾಗ ಐತೆ! ಬರ್ಲಿ, ಬರ್ಲಿ!” ಎಂದಿತು. ಹಿರಿಯರ ಮಾತು. ಹುಡುಗ ಬಂದ. ಹತ್ತೂ ಚೀಲ ಒಟ್ಟಿಗೆ ಒಡೆದು, ಗೋಡೆ ಒಳಕ್ಕೆ ಕುಸಿದು, ಲಾರಿಯ ಹಿಂಭಾಗ ರೆಕಾರ್ಡ್ ರೂಮಿನಲ್ಲಿ ಕಾಣಿಸಿಕೊಂಡಿತು. ಮಂಡಕ್ಕಿ ಮುಗಿಲಿಗೆ ಹಾರಿ ಪಿ.ಬಿ. ರಸ್ತೆಯವರೆಗೆ ಸುರಿಯಿತು. ಅಬ್ಬಬ್ಬಾ, ಆ ನೋಟ! ಯಾರಿಗೂ ಕೂದಲೂ ಕೊಂಕಲಿಲ್ಲ. ಕೆಳಸಹಿದಾರರು ಮೂವತ್ತೊಂದು ವರ್ಷ ಬರೆದ ಸುತ್ತೋಲೆಗಳೆಲ್ಲ ಮಂಡಕ್ಕಿಯಲ್ಲಿ ಹೂತುಹೋದವು. ಈಗ ಯಾವ ಕಡತ ತೆರೆದರೂ ಎರಡು ಹಿಡಿ ಸಿಗುತ್ತದೆ. ಕಡತ ನೋಡಲು ಬರುವ ಸಿಬ್ಬಂದಿಯ ಸಂಖ್ಯೆ ಒಮ್ಮೆಲೇ ಏರಿರುವುದನ್ನು ಗಮನಿಸಲಾಗಿದೆ. ಈರುಳ್ಳಿ ಹೆಚ್ಚಿಕೊಂಡು ಬರಕೂಡದು.

9. ಮ್ಯಾನೇಜರರ ಆದೇಶವೇನೆಂದರೆ, ಹನ್ನೆರಡನೇ ಧ್ವನಿ ಯಾರದೆಂದು ಬುಧವಾರ ಸಂಜೆ ಐದು ಗಂಟೆಯೊಳಗೆ ತಿಳಿಯದಿದ್ದಲ್ಲಿ, ಅಂಥ ಧ್ವನಿಯೇ ಇರಲಿಲ್ಲವೆಂದೂ ತಪ್ಪು ಚಾಲಕನದೇ ಎಂದೂ ಭಾವಿಸಿ, ಕೊಟ್ಟೂರೇಶನನ್ನು ಊರಿಗೆ ಕಳಿಸುವುದು. ಹಿದಾಯತ್ ಅವರು ಬಾಗಿಲ ಮೇಲೆ ‘ಕೊಟ್ಟೂ’ ಎಂಬಲ್ಲಿಗೆ ಬ್ರಷ್ ನಿಲ್ಲಿಸಿದ್ದಾರೆ. ಚಾಲಕನನ್ನು ಕೇಳಲಾಗಿ ಆತ ನೀಡಿದ ಹೇಳಿಕೆ: “ಯಾರು ಅಂತ ಗೊತ್ತೈತ್ರಿ. ಕನ್ನಡೀಲಿ ನೋಡೀನಿ. ದೊಡ್ಡೋರು ಬಾ ಅಂದ್ರು, ಬಂದೆ. ಅವರ ಹೆಸರು ಹೇಳಿ ನಾನ್ ಉಳ್ಕಳದು ಬ್ಯಾಡ್ರಿ.” ಹೇಳಿಕೆ ಬರೆದುಕೊಳ್ಳುತ್ತಿದ್ದ ಕೆಳಸಹಿದಾರರ ಪೆನ್ನು ಎರಡು ಸಲ ಕೆಳಗೆ ಬಿತ್ತು.

10. ಮಂಗಳವಾರ ಧ್ವನಿ ಪರೀಕ್ಷೆ ಏರ್ಪಡಿಸಿ, ಸಿಬ್ಬಂದಿಯೆಲ್ಲ ಸಾಲಾಗಿ ನಿಂತು ಒಬ್ಬೊಬ್ಬರಾಗಿ “ಇನ್ನೂ ಜಾಗ ಐತೆ, ಬರ್ಲಿ, ಬರ್ಲಿ” ಎನ್ನುವಂತೆ ಸೂಚಿಸಲಾಯಿತು. ರಸ್ತೆಯಲ್ಲಿ ತಮ್ಮ ಪಾಡಿಗೆ ಹೋಗುತ್ತಿದ್ದ ಎರಡು ಲಾರಿಗಳು ನಿಂತು, ಹಿಂದಕ್ಕೆ ಬಂದು, ಕಂಪನಿಯ ಅಂಗಳ ಸೇರಿದವು. ಅವುಗಳಿಗೂ ಇಲ್ಲಿಗೂ ಸಂಬಂಧವಿಲ್ಲ. ಹೊರಗೆ ಕಳಿಸಲು ಸಂಜೆಯಾಯಿತು. ಪರೀಕ್ಷೆಯ ವರದಿ ಬರೆಯುವ ಕೆಲಸವಿದ್ದುದರಿಂದ ಕೆಳಸಹಿದಾರರಿಗೆ ಮಾತ್ರ ಕೂಗುವುದರಿಂದ ವಿನಾಯಿತಿ ನೀಡಲಾಗಿತ್ತು. ವಿನಾಯಿತಿ ನೀಡಿದವರು ಕೆಳಸಹಿದಾರರೇ. ಎಲ್ಲರೂ ಕೂಗಿ ಮುಗಿಸಿ ಅವರ ಮುಖ ನೋಡಿದರು. ಅವರು ಗಡಿಯಾರ ನೋಡಿದರು.

11. ಮೇಲ್ಕಂಡ ಕಾರಣಗಳಿಂದ ಇನ್ನು ಮುಂದೆ ಈ ನಿಯಮಗಳು ಜಾರಿಯಲ್ಲಿರುತ್ತವೆ.

ಅ) ಒಂದು ಲಾರಿಗೆ ಒಂದು ಬಾಯಿ. ಎರಡನೇ ಬಾಯಿ ತೆರೆದಲ್ಲಿ ಅದರಲ್ಲಿ ಮಿರ್ಚಿ ಇರತಕ್ಕದ್ದು. ಮಿರ್ಚಿ ಪೂರೈಕೆ ಚೌಡವ್ವನವರ ಹೊಣೆ.

ಆ) ತಡೆಯಲಾಗದಷ್ಟು ‘ಬರ್ಲಿ’ ಬಂದವರು ಗೇಟಿನ ಹೊರಗೆ ಹೋಗಿ, ನಿಂತಿರುವ ಸೈಕಲ್ಲಿನ ಹಿಂದೆ ನಿಂತು ಅನ್ನಬಹುದು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿರತಕ್ಕದ್ದು.

ಇ) ದಾರಿಹೋಕರು ‘ಬರ್ಲಿ’ ಎನ್ನಬಯಸಿದಲ್ಲಿ ಒಂದು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸುವುದು. ರೋಗಿಗಳು ವೈದ್ಯರ ಚೀಟಿ ಲಗತ್ತಿಸುವುದು.

ಈ) ತಾಯಂದಿರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಮಗನನ್ನು ಬಾ ಎನ್ನಲು ಯಾವ ತಾಯಿಗೂ ಅನುಮತಿ ಬೇಕಿಲ್ಲ.

ಉ) ಅಧಿಕಾರವಿಲ್ಲದೆ ‘ಬರ್ಲಿ’ ಎಂದ ನೌಕರರು, ಹುದ್ದೆ ಎಷ್ಟೇ ದೊಡ್ಡದಿರಲಿ, ಮುಂದಿನ ಪರಿಚಯ ಶಿಬಿರದಲ್ಲಿ ಹೊಸ ಚಾಲಕರ ಜೊತೆ ಮೊದಲ ಬೆಂಚಿನ ಮೇಲೆ ಮೂರು ದಿನ ಕೂತು, ಕೊನೆಗೆ ತಾವೇ ಲಾರಿ ಹಿಂದಕ್ಕೆ ತೆಗೆದು ತೋರಿಸತಕ್ಕದ್ದು. ‘ಸಲಹೆ’ ನೀಡಿದವರೂ ಇದಕ್ಕೆ ಹೊರತಲ್ಲ.

12. ಸುತ್ತೋಲೆ ಇಲ್ಲಿಗೆ ಮುಗಿಯಬೇಕಾಗಿತ್ತು. ಇಂದು ಮಧ್ಯಾಹ್ನ ನಾಲ್ಕೂವರೆಗೆ, ಕೆಳಸಹಿದಾರರು ಇದನ್ನು ಟೈಪು ಮಾಡುತ್ತಿದ್ದಾಗ, ನೀಲಕ್ಕನವರು ಒಳಗೆ ಬಂದರು. ಮೂರು ದಿನದಿಂದ ಅವರು ದಿನಾ ಭಾನುವಳ್ಳಿಯಿಂದ ಬಂದು ಆ ಅರ್ಧ ಹೆಸರಿನ ಲಾರಿಯ ಬಾಗಿಲ ಎದುರು ಕೂತು ಹೋಗುತ್ತಿದ್ದಾರೆ. ಬುತ್ತಿ ಬಿಚ್ಚಿ ಒಂದು ರೊಟ್ಟಿಯ ಮೇಲೆ ಚಟ್ನಿಪುಡಿ ಹಾಕಿ ಟೈಪ್‌ರೈಟರಿನ ಪಕ್ಕ ಇಟ್ಟರು. “ನೀವಾ ಏನ್ರಿ ನಮ್ ಹುಡುಗ್ಗೆ ಪಾಠ ಹೇಳಿದ ಸಾಹೇಬ್ರು? ಭಾಳ ಚೆನ್ನಾಗ್ ಹೇಳ್ತಾರೆ ಅಂತಿದ್ದ. ತಿನ್ರಿ. ನಂಗೆ ಓದಕ್ ಬರಂಗಿಲ್ಲ, ಅದ್ಕ ಕೇಳ್ತೀನಿ. ಹೆಸ್ರು ಪೂರಾ ಆತಾ, ಇನ್ನೂ ಐತಾ?” ಎಂದರು.

13. ರೊಟ್ಟಿಯನ್ನು ಮುರಿದು, ತಿನ್ನದೆ ಕೆಳಗಿಟ್ಟದ್ದನ್ನು ದಾಖಲಿಸಲಾಗಿದೆ. ನಿಜ ಮುಚ್ಚಿಟ್ಟುಕೊಂಡು ಆ ರೊಟ್ಟಿ ತಿನ್ನಲು ಯಾವ ನಿಯಮದಲ್ಲೂ ಅವಕಾಶವಿಲ್ಲ. ಆದುದರಿಂದ, ಹನ್ನೆರಡನೇ ಧ್ವನಿಯು ಕೆಳಸಹಿದಾರರದೇ ಎಂದು ಕೆಳಸಹಿದಾರರಿಂದ ಕೆಳಸಹಿದಾರರಿಗೆ ತಿಳಿದುಬಂದಿರುವುದಾಗಿ ಈ ಮೂಲಕ ಪ್ರಕಟಿಸಲಾಗಿದೆ. ಸೋಮವಾರ ಅವರು ಕಚೇರಿಯ ಕಿಟಕಿಯಲ್ಲಿ ಒಂದು ಹಿಡಿ ಮಂಡಕ್ಕಿ ಇಟ್ಟುಕೊಂಡು ನಿಂತಿದ್ದರು. ಮೂವತ್ತೊಂದು ವರ್ಷ ದಿನಕ್ಕೆ ಹತ್ತು ಸಲ ಆ ಮಾತು ಕೇಳಿದ್ದಾರೆ, ಒಮ್ಮೆಯಾದರೂ ಅಂದವರಲ್ಲ. ನಾಲಿಗೆ ತುರಿಸಿತು. ಜಾಗ ಇದೆಯೋ ಇಲ್ಲವೋ ನೋಡಲಿಲ್ಲ. ಒಂದು ಮಾತಿಗೆ ಅಷ್ಟು ದೊಡ್ಡ ಲಾರಿ ಅಲುಗಿದಾಗ ಎಂಥ ಖುಷಿಯಾಯಿತು ಎಂಬುದನ್ನು ಸರ್ಕಾರಿ ಕನ್ನಡದಲ್ಲಿ ಬರೆಯಲು ಬರುವುದಿಲ್ಲ. ಗೋಡೆ ಬಿದ್ದ ಸದ್ದಿಗೆ ಕಿಟಕಿಯ ಕೆಳಗೆ ಕೂತುಬಿಟ್ಟರು. ಎರಡು ದಿನ ಕೂತೇ ಇದ್ದರು ಎಂದರೂ ತಪ್ಪಲ್ಲ. ಇದು ಅವರಿಗೆ ನಾಚಿಕೆಗೇಡಿನ ಸಂಗತಿಯಾಗಿರುತ್ತದೆ.

14. (ರುಜು ಬಿದ್ದ ಮೇಲೆ ಸೇರಿಸಿದ್ದು.) ಈ ಸುತ್ತೋಲೆ ಮ್ಯಾನೇಜರರ ಮೇಜು ತಲುಪಿದಾಗ ಅವರ ಕೈಗಡಿಯಾರದಲ್ಲಿ ಐದು ಗಂಟೆ ನಾಲ್ಕು ನಿಮಿಷ. ಗಡುವು ಮೀರಿತು ಎಂದರು. ಅಂಶ 1ರ ಪ್ರಕಾರ ಗೋಡೆ ಗಡಿಯಾರ ನೋಡಲು ಕೋರಲಾಯಿತು. ಅದರಲ್ಲಿ ನಾಲ್ಕು ಐವತ್ತೇಳು. ಮ್ಯಾನೇಜರರು ಗಡಿಯಾರವನ್ನೂ, ಕೆಳಸಹಿದಾರರನ್ನೂ, ಅಂಶ 11(ಉ)ರ ಕೊನೆಯ ಸಾಲನ್ನೂ ಬಹಳ ಹೊತ್ತು ನೋಡಿ, ರುಜು ಹಾಕಿದರು.

ಮೇಲಿನ ಯಾವುದೇ ಅಂಶ ಅರ್ಥವಾಗದಿದ್ದಲ್ಲಿ ಚೌಡವ್ವನವರನ್ನು ವಿಚಾರಿಸುವುದು. ಅವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು.

(ಸಹಿ)
ಬಕ್ಕೇಶಪ್ಪ
ಹೆಡ್ ಗುಮಾಸ್ತರು, ಹಾಗೂ
ಮುಂದಿನ ಪರಿಚಯ ಶಿಬಿರದ ಶಿಬಿರಾರ್ಥಿ, ಮೊದಲ ಬೆಂಚು

(ರುಜು)
ರುದ್ರಮುನಿ
ಮ್ಯಾನೇಜರು, ಹಾಗೂ
ಸದರಿ ಶಿಬಿರದ ಶಿಬಿರಾರ್ಥಿ, ಅದೇ ಬೆಂಚಿನ ಆ ತುದಿ

ಪ್ರತಿಗಳು:

1. ಹರಿಹರ ಶಾಖೆಗೆ. ತುಂಗಭದ್ರೆಯ ಬಗೆಗಿನ ವರದಿ ಇನ್ನೂ ಬಂದಿಲ್ಲ.

2. ಶ್ರೀ ಮಸ್ತಾನಸಾಬ್ ಅವರಿಗೆ. ಶಿಬಿರದಲ್ಲಿ ಕೆಳಸಹಿದಾರರು ಲಾರಿ ಹಿಂದಕ್ಕೆ ತೆಗೆಯುವ ದಿನ ಗಂಟಲು ಸರಿಯಾಗಿಟ್ಟುಕೊಳ್ಳಲು.

3. ಶ್ರೀಮತಿ ಚೌಡವ್ವನವರಿಗೆ. ಅದೇ ದಿನಕ್ಕೆ ಹತ್ತು ಚೀಲ ಸಾಲದು, ನಲವತ್ತು ಇಡಲು.

4. ಕೊಂಡಜ್ಜಿಯ ರಂಗವ್ವನವರಿಗೆ. ಸಾಧ್ಯವಾದರೆ ಆ ದಿನ ಬಂದುಹೋಗಲು. ಎಮ್ಮೆ ತರುವುದು ಬೇಡ.

5. ಸ್ಕೂಟರ್ ಸವಾರರ ಹೆಂಡತಿಯವರಿಗೆ. ಗಂಡ ಹೇಳಿದ್ದು ನಿಜವೆಂದು ದೃಢೀಕರಿಸಿ.

6. ಶ್ರೀ ಕೊಟ್ಟೂರೇಶ್, ಖಾಯಂ ಚಾಲಕರು, ಇವರಿಗೆ. ಶಿಬಿರದ ಮೂರೂ ದಿನ ಕೆಳಸಹಿದಾರರ ಪಕ್ಕದಲ್ಲಿ ಕೂತು ಪಾಠ ಹೇಳಲು. ದೊಡ್ಡವರೆಂದು ಸುಮ್ಮನಿರಬಾರದು, ತಪ್ಪಿದರೆ ಬೈಯಬೇಕು.

7. ಪೇಂಟರ್ ಹಿದಾಯತ್ ಅವರಿಗೆ. ಬಾಗಿಲ ಮೇಲೆ ಬಾಕಿಯಿರುವ ‘ರೇಶ್’ ಎಂಬುದನ್ನು ಭಾನುವಳ್ಳಿಯ ಕೊನೆಯ ಬಸ್ಸು ಹೊರಡುವುದರೊಳಗೆ ಬರೆಯಲು. ನೀಲಕ್ಕನವರಿಗೆ ಓದಲು ಬರುವುದಿಲ್ಲ. ಆದಕಾರಣ ಅಕ್ಷರ ದೊಡ್ಡದಾಗಿರಲಿ, ಮತ್ತು ಬರೆದು ಮುಗಿದ ಮೇಲೆ ಒಂದು ಸಲ ಜೋರಾಗಿ ಕೂಗಿ ಹೇಳಲು ಅನುಮತಿ ನೀಡಲಾಗಿದೆ.